ಹೆಡ್ಜ್ ನಿಧಿಗಳ ಫಲತಾರತಮ್ಯವಿಚಾರ

ಇಂಗ್ಲಿಷಿನ ‘ಹೆಡ್ಜ್’ ಶಬ್ದಕ್ಕೆ ಬೇಲಿಯೆಂಬುದು ಮುಖ್ಯಾರ್ಥ. ನಷ್ಟವು ನುಗ್ಗದಂತೆ ಮಾಡಿಕೊಳ್ಳುವ ಕಾಪೆಂಬುದು ಲಕ್ಷ್ಯಾರ್ಥ. ಧನವಂತರೂ ದೊಡ್ಡ ಸಂಸ್ಥೆಗಳೂ ಒಪ್ಪಿಸಿದ ಹಣವನ್ನು ನಿರ್ವಾಹಕನು ಪೇಟೆಯಲ್ಲಿ ತೊಡಗಿಸುವ ಒಂದು ಬಗೆಯ ಏರ್ಪಾಡಿಗೆ ಹೆಡ್ಜ್ ನಿಧಿಯೆಂದು ಹೆಸರು. ಇದಕ್ಕೆ ಮೂಲಪುರುಷನೆನಿಸಿದವನು ಆಲ್‌ಫ್ರೆಡ್ ವಿನ್ಸ್‌ಲೋ ಜೋನ್ಸ್ ಎಂಬ ಸಮಾಜಶಾಸ್ತ್ರಜ್ಞ. ಈತನು 1949ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಲಕ್ಷ ಡಾಲರುಗಳಿಂದ ಆರಂಭಿಸಿದನು. ಬೆಲೆ ಏರುವುದೆಂದು ತೋರಿದ ಷೇರುಗಳನ್ನು ಸಾಲದ ಹಣವನ್ನೂ ಸೇರಿಸಿ ಕೊಳ್ಳುವುದು. ಇಳಿಯುವುದೆಂದು ತೋರಿದವುಗಳನ್ನು ಎರವು ತಂದು ಮಾರಿ, ಇಳಿದ ಮೇಲೆ ಕೊಂಡು ಹಿಂದಿರುಗಿಸುವುದು. ಇದೇ ಆತನ ಕ್ರಮ. ಒಂದರ ನಷ್ಟವನ್ನು ಮತ್ತೊಂದರ ಲಾಭವು ತಡೆಯಬೇಕೆಂಬುದೇ ಬೇಲಿಯ ತಾತ್ಪರ್ಯ.

ಇಂತಹ ನಿಧಿಯು ಕೆಲವು ವರ್ಷ ಅಧಿಕಲಾಭವನ್ನು ತಂದರೆ ಅದನ್ನು ನಿರ್ವಾಹಕನ ಸ್ಥಿರಗುಣವೆಂದು ಜನರು ಬಗೆಯುವರು. ವಿಚಾರಿಸಿ ನೋಡಿದರೆ ಆ ಫಲವು ಹಲವು ಕಾರಣಗಳ ಕೂಟದಿಂದ ಹುಟ್ಟಿದುದೆಂದೂ, ಕೂಟವು ಕದಲಿದೊಡನೆ ಫಲವೂ ಕದಲುವುದೆಂದೂ ತಿಳಿಯುತ್ತದೆ.

ಮೊದಲನೆಯ ಕಾರಣ ಗಾತ್ರ ಮತ್ತು ಅನುಕರಣ, ಎರಡನೆಯದು ಸಾಲ. ಇವೆರಡಕ್ಕೂ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ನಿಧಿಯೇ ನಿದರ್ಶನ. 1994ರಲ್ಲಿ ಹುಟ್ಟಿದ ಈ ನಿಧಿಯು ಸಾಲಪತ್ರಗಳ ಬೆಲೆಗಳಲ್ಲಿರುವ ಅಲ್ಪವ್ಯತ್ಯಾಸಗಳನ್ನು ಅರಸಿ, 1995 ಮತ್ತು 1996ರಲ್ಲಿ ಶೇಕಡ 40ಕ್ಕೂ ಮಿಗಿಲಾದ ಲಾಭವನ್ನು ಗಳಿಸಿತು. ಅದರ ಪಾಲುದಾರರಾದ ಶೋಲ್ಸ್ ಮತ್ತು ಮರ್ಟನ್ ಎಂಬ ವಿದ್ವಾಂಸರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಅದೇ ದಾರಿಯನ್ನು ಇತರರೂ ಹಿಡಿದುದರಿಂದ ವ್ಯತ್ಯಾಸಗಳು ಸಣ್ಣವಾದುವು. ಆ ವರ್ಷದ ಲಾಭವು ಸುಮಾರು ಶೇಕಡ 17ಕ್ಕೆ ಇಳಿಯಿತು. ನಿಧಿಯು ಸುಮಾರು 270 ಕೋಟಿ ಡಾಲರುಗಳನ್ನು ಹೂಡಿಕೆದಾರರಿಗೆ ಹಿಂದಿರುಗಿಸಿತು. ಬಂಡವಾಳವು ಕುಗ್ಗಿತು, ಸಾಲವು ಹಾಗೆ ಕುಗ್ಗಲಿಲ್ಲ: 1998ರ ಆರಂಭದಲ್ಲಿ ಸ್ವಂತದ್ದು ಸುಮಾರು 470 ಕೋಟಿ, ಸಾಲವು 12,000 ಕೋಟಿಗೂ ಹೆಚ್ಚು. ಆ ಆಗಸ್ಟಿನಲ್ಲಿ ರಷ್ಯವು ತನ್ನ ಸಾಲದ ಪಾವತಿಯನ್ನು ನಿಲ್ಲಿಸಿತು, ಪೇಟೆಗಳು ತಲ್ಲಣಿಸಿದುವು. ಲಾಭವನ್ನು ಹೆಚ್ಚಿಸಿದ್ದ ಸಾಲವೇ ನಷ್ಟವನ್ನೂ ಹೆಚ್ಚಿಸಿತು. ಸೆಪ್ಟೆಂಬರಿನಲ್ಲಿ 14 ಸಂಸ್ಥೆಗಳು ಸುಮಾರು 360 ಕೋಟಿ ಡಾಲರು ನೀಡಿ ಅದನ್ನು ಎತ್ತಿಹಿಡಿಯಬೇಕಾಯಿತು.

ಮೂರನೆಯದು ನಿರ್ವಾಹಕನ ಪಾಲು. ಜೋನ್ಸನು ಲಾಭದಲ್ಲಿ ಶೇಕಡ 20ನ್ನು ಪಡೆಯುತ್ತಿದ್ದನು. ತರುವಾಯ, ಲಾಭವಿರಲಿ ಇಲ್ಲದಿರಲಿ, ಮೂಲಧನದ ಮೇಲೆ ವರ್ಷಕ್ಕೆ ಶೇಕಡ 2ರಷ್ಟನ್ನು ತೆಗೆಯುವುದೂ ರೂಢಿಗೆ ಬಂದಿತು. ಹೀಗೆ ವರ್ಷವರ್ಷವೂ ಸೋರಿಹೋದುದು ಮುಂದೆ ಬೆಳೆಯುವಂತಿಲ್ಲ. 2008ರಿಂದ 2017ರವರೆಗೆ ವಾರೆನ್ ಬಫೆಟ್ ಕಟ್ಟಿದ ಪಣದ ಮೊದಲ ಒಂಬತ್ತು ವರ್ಷಗಳಲ್ಲಿ, ಅಮೆರಿಕದ ಷೇರುಸೂಚ್ಯಂಕವನ್ನು ಸುಮ್ಮನೆ ಅನುಸರಿಸಿದ ನಿಧಿಯು ವರ್ಷಕ್ಕೆ ಸರಾಸರಿ ಶೇಕಡ 7.1ರಂತೆ ಬೆಳೆಯಿತು; ಎದುರುಪಕ್ಷವು ಆರಿಸಿದ ಹೆಡ್ಜ್ ನಿಧಿಸಮೂಹಗಳು ಶೇಕಡ 2.2ರಂತೆ ಮಾತ್ರ.

ನಾಲ್ಕನೆಯದು ಫಲಕ್ಕೆ ಸೇರಿದುದಲ್ಲ, ಫಲದ ಎಣಿಕೆಗೆ ಸೇರಿದುದು. ಲಾಭಾಂಕಗಳನ್ನು ಸಂಗ್ರಹಕಾರರಿಗೆ ತಿಳಿಸುವುದು ಬಹುಮಟ್ಟಿಗೆ ನಿಧಿಗಳ ಇಚ್ಛೆ. ಅಳಿದವುಗಳನ್ನು ಬಿಟ್ಟು ಉಳಿದವುಗಳನ್ನೇ ಎಣಿಸಿದರೆ ಸರಾಸರಿಯು ಹಿಗ್ಗುವುದು. ಉಳಿದುಬಂದ ಓಲೆಗಳಿಂದಲೇ ಒಂದು ಕಾಲದ ಸಾಹಿತ್ಯವನ್ನೆಲ್ಲ ಅಳೆಯುವ ಪ್ರಮಾದಕ್ಕೆ ಇದು ಸಮಾನ.

ಇದರಿಂದ ನೈಪುಣ್ಯವೇ ಇಲ್ಲವೆಂದು ಸಿದ್ಧವಾಗುವುದಿಲ್ಲ. ಅದೊಂದೇ ಕಾರಣವಲ್ಲವೆಂದಷ್ಟೇ ಸಿದ್ಧವಾಗುವುದು. ಈ ವಿವೇಕವು ಧನಿಕರಿಗೆ ಮಾತ್ರ ಬೇಕಾದುದಲ್ಲ. ಸಾಮಾನ್ಯ ನೌಕರರ ನಿವೃತ್ತಿವೇತನದ ಹಣವೂ ಇಲ್ಲಿ ಸೇರಿರುವುದುಂಟು. ಕ್ಯಾಲಿಫೋರ್ನಿಯಾ ಸಂಸ್ಥಾನದ ನೌಕರರ ನಿವೃತ್ತಿನಿಧಿಯು ವೆಚ್ಚವನ್ನೂ ಜಟಿಲತೆಯನ್ನೂ ಕಾರಣವಾಗಿ ಹೇಳಿ, ಸುಮಾರು 400 ಕೋಟಿ ಡಾಲರುಗಳನ್ನು ಹೆಡ್ಜ್ ನಿಧಿಗಳಿಂದ ಹಿಂತೆಗೆಯಲು 2014ರಲ್ಲಿ ನಿಶ್ಚಯಿಸಿತು. ಬೇಲಿಯೆಂಬ ಹೆಸರನ್ನು ನಂಬುವ ಮೊದಲು ಅದು ಯಾರ ಹೊಲವನ್ನು ಕಾಯುತ್ತಿದೆಯೆಂದು ನೋಡುವುದು ಯುಕ್ತ.