ಮನೆಯ ಜನರೇಟರಿಗೆ ತಕ್ಕ ಸ್ಥಳ

ಮುಂಗಾರು ಮಳೆ ಹಿಡಿದೊಡನೆ ಮಂಗಳೂರಿನ ಗೃಹಸ್ಥರಿಗೆ ಎರಡು ಚಿಂತೆಗಳು ತಪ್ಪಿದುವಲ್ಲ: ಮಾಡಿನ ಹಂಚು ಎಲ್ಲಿ ಸೋರುವುದೋ ಎಂಬುದೊಂದು, ದೀಪವು ಯಾವ ಗಳಿಗೆಯಲ್ಲಿ ಆರುವುದೋ ಎಂಬುದಿನ್ನೊಂದು. ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಸಾಕು, ಒಂದು ಬೀದಿಯೇ ಕತ್ತಲಾಗುವುದು. 2021ನೆಯ ಇಸವಿಯ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯ ಪಕ್ಕದಿಂದ ಹಾದುಹೋದಾಗ ಮರಗಳೂ ವಿದ್ಯುತ್ ಕಂಬಗಳೂ ಉರುಳಿ ಜನರು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಆದುದರಿಂದ ಅನುಕೂಲವುಳ್ಳವರು ಮನೆಗೊಂದು ಸಣ್ಣ ಜನರೇಟರನ್ನು ತಂದಿಟ್ಟುಕೊಳ್ಳುವುದು ಸಹಜವಾಗಿದೆ. ಯಂತ್ರದ ಬೆಲೆಯನ್ನೂ ಶಕ್ತಿಯನ್ನೂ ಹತ್ತು ಕಡೆ ವಿಚಾರಿಸುವವರು, ಅದನ್ನು ಎಲ್ಲಿ ಇಡಬೇಕೆಂಬುದನ್ನು ಮಾತ್ರ ಯಂತ್ರವು ಮನೆಯ ಬಾಗಿಲಿಗೆ ಬಂದ ಮೇಲೆ ಯೋಚಿಸುವರು. ಪ್ರಾಣಾಪಾಯವಿರುವುದಾದರೋ ಈ ಎರಡನೆಯ ವಿಷಯದಲ್ಲಿಯೇ.

ಪೆಟ್ರೋಲಾಗಲಿ ಡೀಸೆಲ್ಲಾಗಲಿ ಯಂತ್ರದೊಳಗೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಾಯುವು ಉತ್ಪನ್ನವಾಗುವುದು; ಪೆಟ್ರೋಲು ಯಂತ್ರಗಳಲ್ಲಿ ಅದರ ಪ್ರಮಾಣವು ಬಹಳ ಹೆಚ್ಚು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಪ್ರಸಿದ್ಧ ದೃಷ್ಟಾಂತವಷ್ಟೆ. ಈ ವಾಯುವಿನ ವಿಷಯದಲ್ಲಿ ಅಂತಹ ಲಿಂಗವೊಂದೂ ಇಲ್ಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣನ್ನು ಉರಿಸುವ ಗುಣವೂ ಇಲ್ಲ. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತು ನಡೆಯುವ ಹೀಮೊಗ್ಲೋಬಿನ್ ಎಂಬ ದ್ರವ್ಯವು, ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಅಧಿಕವಾದ ಬಿಗಿಯಿಂದ ಈ ವಿಷವಾಯುವನ್ನು ಹಿಡಿದುಕೊಳ್ಳುವುದು. ಹೀಗಾಗಿ ಗಾಳಿಯಲ್ಲಿ ಅದು ಅತ್ಯಲ್ಪವಾಗಿದ್ದರೂ ಗಂಟೆಗಳು ಕಳೆದಂತೆ ರಕ್ತದಲ್ಲಿ ಸೇರುತ್ತ ಹೋಗಿ, ಮಲಗಿದವನು ಮಲಗಿದಲ್ಲಿಯೇ ಅಸುನೀಗುವನು.

ಇದು ದೂರದೇಶದ ಕಥೆಯೆಂದು ತಿಳಿಯಬಾರದು. 2024ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ನಮ್ಮ ಊರನ್ನು ಹಾದುಹೋಗುವ ಇದೇ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ದಕ್ಷಿಣಕ್ಕೆ ಕೇರಳದ ವಡಗರೆಯಲ್ಲಿ ನಿಂತಿದ್ದ ಕಾರವಾನ್ ವಾಹನವೊಂದರಲ್ಲಿ ಇಬ್ಬರು ಮೃತರಾಗಿ ಕಂಡುಬಂದರು. ಅದರ ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡು ಒಳಸೇರಿದುದೇ ಕಾರಣವೆಂದು ತನಿಖೆಯಿಂದ ತಿಳಿದುಬಂದಿತು. 2020ರ ಆಗಸ್ಟಿನಲ್ಲಿ ಅಮೆರಿಕದ ಲೂಯಿಸಿಯಾನಾ ಪ್ರಾಂತಕ್ಕೆ ಲಾರಾ ಎಂಬ ಚಂಡಮಾರುತವು ಬಡಿದಾಗಲೂ, ಬಿರುಗಾಳಿಯ ಹೊಡೆತದಿಂದ ಪಾರಾದ ಅನೇಕರು ಬಳಿಕ ಬೆಳಕಿಗಾಗಿ ಹಚ್ಚಿದ ಜನರೇಟರಿನ ವಿಷವಾಯುವಿಗೆ ಬಲಿಯಾದರು.

ಹಾಗಾದರೆ ಯಂತ್ರವನ್ನು ಎಲ್ಲಿ ಇಡಬಾರದು? ಚಾವಡಿಯಲ್ಲಿ ಕೂಡದು, ಜಗಲಿಯಲ್ಲಿ ಕೂಡದು, ಕಾರಿನ ಕೊಟ್ಟಿಗೆಯಲ್ಲಿ ಕೂಡದು, ಬಚ್ಚಲುಮನೆಯ ಪಕ್ಕದ ಸೌದೆಯ ಮಾಡಿನಲ್ಲಿಯೂ ಕೂಡದು. ಕಿಟಿಕಿಗಳನ್ನೆಲ್ಲ ತೆರೆದಿಟ್ಟಿರುವೆವು, ಫ್ಯಾನು ತಿರುಗುತ್ತಿದೆ ಎಂಬ ಸಮಾಧಾನವು ಸಲ್ಲದು. ತೆರೆದ ಕಿಟಿಕಿಯು ಗಾಳಿಯನ್ನು ಹೊರಗೆ ಬಿಡುವಂತೆಯೇ ಒಳಗೂ ತರುವುದು. ಈ ವಾಯುವು ಸಾಮಾನ್ಯ ಗಾಳಿಯಷ್ಟೇ ತೂಕವುಳ್ಳದ್ದಾದುದರಿಂದ ಅದರೊಡನೆ ಬೆರೆತು ಬಾಗಿಲ ಸಂದು, ಹಂಚಿನ ಎಡೆ, ಮಾಡಿನ ಇರುಕು ಎಲ್ಲೆಲ್ಲಿಯೂ ನುಗ್ಗುವುದು. ನಮ್ಮ ಊರಿನ ವಿಶೇಷವಾದ ಕಷ್ಟವೆಂದರೆ, ದೀಪವು ಆರುವುದು ಮಳೆಯಲ್ಲಿ. ಯಂತ್ರವು ನೆನೆಯಬಾರದೆಂದು ಅದನ್ನು ಜಗಲಿಗೆ ಎಳೆದು ತರುವುದೂ ಆ ಮಳೆಯಲ್ಲಿಯೇ. ಎರಚಲಿಗೆ ಬಾಗಿಲು ಕಿಟಿಕಿಗಳನ್ನು ಮುಚ್ಚುವುದೂ ಆಗಲೇ. ಮೂರೂ ಒಂದುಗೂಡಿದರೆ ಅನಾಹುತಕ್ಕೆ ಬೇರೆ ಕಾರಣವೇ ಬೇಕಾಗಿಲ್ಲ.

ಕೆಲವರು ವಾಸ್ತುಶಾಸ್ತ್ರವನ್ನು ನೆನೆದು, ಆಗ್ನೇಯವು ಅಗ್ನಿಯ ಮೂಲೆಯಾದುದರಿಂದ ಯಂತ್ರವನ್ನು ಅಲ್ಲಿಯೇ ಇಡಬೇಕೆನ್ನುವರು. ಅಡಿಗೆಯ ಒಲೆಗಾಗಿ ಹೇಳಿದ ನಿಯಮವನ್ನು ಪೆಟ್ರೋಲಿನ ಯಂತ್ರಕ್ಕೆ ಹಚ್ಚುವುದು ಶಾಸ್ತ್ರಕ್ಕೂ ನ್ಯಾಯವಲ್ಲ. ಆಗ್ನೇಯದ ಗೋಡೆಗೆ ಕಿಟಿಕಿಯಿದ್ದು ಅದರೊಳಗೆ ಮಕ್ಕಳು ಮಲಗಿದ್ದರೆ ಆ ದಿಕ್ಕು ಅವರನ್ನು ಕಾಪಾಡದು. ಮತ್ತೆ ಕೆಲವರು ಗಾಳಿಯ ದಿಕ್ಕನ್ನು ನೋಡಿ ಸ್ಥಳವನ್ನು ಗೊತ್ತುಮಾಡುವರು. ಇದು ಯುಕ್ತವೇ, ಆದರೆ ಸಾಲದು. ಮಳೆಗಾಲದ ಗಾಳಿಯು ನಮ್ಮಲ್ಲಿ ಪಶ್ಚಿಮ ನೈಋತ್ಯಗಳಿಂದ ಬರುವುದು. ಉಳಿದ ಕಾಲದಲ್ಲಿ ಹಗಲು ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ ಬೀಸುವುದು. ಮೇಲಾಗಿ, ಗೋಡೆಗೆ ಬಡಿದ ಗಾಳಿಯು ಮನೆಯ ಹಿಂಬದಿಯಲ್ಲಿ ಸುಳಿದು ಹಿಂದಿರುಗುವ ಸ್ವಭಾವವುಳ್ಳದ್ದು. ಆದಕಾರಣ ದಿಕ್ಕಿಗಿಂತ ದೂರವೇ ಪ್ರಧಾನ.

ಆ ದೂರವು ಎಷ್ಟು? ಅಮೆರಿಕದ ಗ್ರಾಹಕ ಸುರಕ್ಷತೆಯ ಆಯೋಗವು ಮನೆಯಿಂದ ಕಡಿಮೆಯೆಂದರೆ 20 ಅಡಿಯೆಂದು ಹೇಳಿದೆ. ಹೊಗೆಯ ಕೊಳವೆಯ ಬಾಯಿಯು ನಮ್ಮ ಮನೆಗೂ ನೆರೆಮನೆಗೂ ಬೆನ್ನಾಗಿರಬೇಕು. ಅಲ್ಲಿ ನಾಲ್ಕು ಕಂಬಗಳನ್ನು ನೆಟ್ಟು, ಮೇಲೆ ಮಾಡನ್ನು ಹೊದಿಸಿ, ನಾಲ್ಕು ಕಡೆಯೂ ಬಯಲಾಗಿ ಬಿಡತಕ್ಕದ್ದು. ಗೋಡೆ ಕಟ್ಟಿದರೆ ಅದು ವಿಷದ ಕೋಣೆಯಾಗುವುದು. 2018ರ ಮೇ 29ರಂದು ಒಂದೇ ದಿನದ ಮಳೆಗೆ ನಗರದ ತಗ್ಗುಗಳೆಲ್ಲ ಕೆರೆಗಳಾದುದನ್ನು ನೆನೆದು, ಮುರಕಲ್ಲಿನ ಕಟ್ಟೆಯೊಂದನ್ನು ಎತ್ತರವಾಗಿ ಕಟ್ಟಿ ಅದರ ಮೇಲೆ ಯಂತ್ರವನ್ನು ಇರಿಸುವುದು ಲೇಸು. ಬಾವಿಯ ದಂಡೆಯಿಂದಲೂ ಅದು ದೂರವಿರಲಿ; ಎಣ್ಣೆಯು ನೀರಿಗೆ ಸೇರಬಾರದು. ಎಂಜಿನ್ನನ್ನು ಬಾವಿಯೊಳಗೆ ಇಳಿಸುವುದಂತೂ ಸಾವನ್ನು ಕರೆದಂತೆಯೇ ಸರಿ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾಗಿ ನೆಲವನ್ನೇ ಹಿಡಿದು ಹರಿಯುವುದರಿಂದ, ಬಚ್ಚಲೊಲೆಯ ಸಮೀಪದಲ್ಲಿ ಡಬ್ಬಿಯನ್ನು ಇಡಬಾರದು. ಯಂತ್ರವನ್ನು ನಿಲ್ಲಿಸಿ, ಆರಿದ ಮೇಲೆಯೇ ತೈಲವನ್ನು ತುಂಬಬೇಕು.

ಇನ್ನೊಂದು ಜೀವದ ಮಾತನ್ನೂ ಹೇಳಬೇಕು. ಜನರೇಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದರೆ ವಿದ್ಯುತ್ತು ಬೀದಿಯ ತಂತಿಗೆ ಹಿಮ್ಮುಖವಾಗಿ ಹರಿಯಬಹುದು. 11,000 ವೋಲ್ಟನ್ನು ಇಳಿಸಿ ನಮ್ಮ ಮನೆಗೆ ಕಳುಹಿಸುವ ಟ್ರಾನ್ಸ್‌ಫಾರ್ಮರು, ಹಿಂದಿನಿಂದ ಬಂದುದನ್ನು ಹಾಗೆಯೇ ಏರಿಸಿಬಿಡುವುದು. ತಂತಿಯಲ್ಲಿ ಶಕ್ತಿಯಿಲ್ಲವೆಂದು ನಂಬಿ ಮಳೆಯಲ್ಲಿ ಕಂಬವನ್ನೇರಿದ ಮೆಸ್ಕಾಂ ಲೈನ್‌ಮನ್ನನು ನಮಗಾಗಿ ದುಡಿಯುತ್ತ ನಮ್ಮಿಂದಲೇ ಹತನಾಗುವನು. ಆದುದರಿಂದ ಪರವಾನಿಗೆಯುಳ್ಳ ಎಲೆಕ್ಟ್ರೀಷಿಯನ್ನನಿಂದ ಚೇಂಜ್‌ಓವರ್ ಸ್ವಿಚ್ಚನ್ನೂ ಅರ್ತಿಂಗನ್ನೂ ಮಾಡಿಸದೆ ಯಂತ್ರವನ್ನು ಚಾಲನೆ ಮಾಡಲೇಕೂಡದು.

ಈಗ ನಗರದ ನಿಜಸ್ಥಿತಿಯನ್ನು ನೋಡೋಣ. ಐದು ಸೆಂಟ್ಸು ನಿವೇಶನವೆಂದರೆ 2,178 ಚದರಡಿ; 33 ಅಡಿ ಅಗಲ, 66 ಅಡಿ ಉದ್ದವೆನ್ನೋಣ. 25 ಅಡಿ ಅಗಲದ ಮನೆಯನ್ನು ನಡುವೆ ಕಟ್ಟಿದರೆ ಎರಡು ಪಕ್ಕಗಳಲ್ಲಿ ಉಳಿಯುವುದು ನಾಲ್ಕು ನಾಲ್ಕು ಅಡಿ. ಅಲ್ಲಿಟ್ಟ ಯಂತ್ರವು ನಮ್ಮ ಮನೆಯನ್ನು ಬಿಟ್ಟರೂ ನೆರೆಯವರ ಮಲಗುವ ಕೋಣೆಯನ್ನು ಬಿಡದು. ನಮ್ಮ ಬೆಳಕಿಗಾಗಿ ಪರರ ಉಸಿರನ್ನು ಕೆಡಿಸುವುದು ಯಾವ ಗೃಹಸ್ಥಧರ್ಮ? ಅವರ ನಿದ್ದೆಯ ಮಾತೂ ಉಂಟು: ವಸತಿಯ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಶಬ್ದವು 45 ಡೆಸಿಬೆಲ್ಲನ್ನು ಮೀರಬಾರದೆಂದು 2000ನೆಯ ಇಸವಿಯ ನಿಯಮವಿದೆ. ಇಂತಹ ನಿವೇಶನದಲ್ಲಿ ಸ್ಥಳವನ್ನು ಹುಡುಕುವುದಕ್ಕಿಂತ ಜನರೇಟರಿನ ಆಸೆಯನ್ನೇ ಬಿಡುವುದು ವಿವೇಕ. ನಾಲ್ಕು ದೀಪ, ಎರಡು ಫ್ಯಾನುಗಳಿಗೆ ಬ್ಯಾಟರಿಯ ಇನ್ವರ್ಟರು ಸಾಕು. ಅದರಿಂದ ಈ ವಿಷವು ಹುಟ್ಟದು. ನೀರು ತುಂಬುವ ಬಗೆಯ ಬ್ಯಾಟರಿಯು ಜಲಜನಕವನ್ನು ಬಿಡುವುದರಿಂದ ಅದಕ್ಕೂ ಗಾಳಿಯಾಡುವ ಎಡೆಯು ಬೇಕು, ಅಷ್ಟೆ.

ಜನರೇಟರುಳ್ಳವರು ಮಲಗುವ ಕೋಣೆಯ ಬಳಿ ಕಾರ್ಬನ್ ಮಾನಾಕ್ಸೈಡನ್ನು ಕಂಡು ಕೂಗುವ ಸಣ್ಣ ಉಪಕರಣವೊಂದನ್ನು ಇಟ್ಟುಕೊಳ್ಳಲಿ. ಯಂತ್ರವು ನಡೆಯುತ್ತಿರುವಾಗ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಮ್ಮೆಗೇ ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಬಂದರೆ ಊಟದ ದೋಷವೆಂದು ಕಷಾಯ ಕಾಸುತ್ತ ಕೂರಬಾರದು. ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತಂದು, 108ಕ್ಕೆ ಫೋನು ಮಾಡಿ, ಜನರೇಟರಿನ ಹೊಗೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಈ ವಿಷದಲ್ಲಿ ಎಲ್ಲವೂ ಸರಿಯಿದೆಯೆಂದೇ ತೋರಿಸಬಲ್ಲುದು. ಅದನ್ನು ನಂಬಿ ಕಾಲಹರಣ ಮಾಡಕೂಡದು. ಶುದ್ಧ ಪ್ರಾಣವಾಯುವನ್ನು ಬೇಗನೆ ಕೊಡುವುದೇ ಇದಕ್ಕೆ ಮದ್ದು.

ಒಂದು ರಾತ್ರಿಯ ಕತ್ತಲೆಯನ್ನು ಹಣತೆಯಿಂದಲೂ ಕಳೆಯಬಹುದು, ಬೀಸಣಿಗೆಯಿಂದ ಸೆಕೆಯನ್ನೂ ಸಹಿಸಬಹುದು. ಆದುದರಿಂದ ಯಂತ್ರವನ್ನು ಕೊಳ್ಳುವ ಮೊದಲು ಗೃಹಸ್ಥನು ಅಳತೆಯ ಟೇಪನ್ನು ಹಿಡಿದು ಅಂಗಳಕ್ಕಿಳಿಯಲಿ. 20 ಅಡಿ ದೊರೆತರೆ ಅಂಗಡಿಗೆ ಹೋಗಲಿ. ದೊರೆಯದಿದ್ದರೆ ಹಣವನ್ನು ಬೇರೆ ಕಾರ್ಯಕ್ಕೆ ಉಳಿಸಲಿ.