ಮೋಟಾರು ಸೈಕಲ್ಲೂ ಮಧುಮೇಹಿಯ ಸಂಚಿಯೂ

2020ನೆಯ ಇಸವಿ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಸಂಗತಿಯನ್ನು ವಾಚಕರು ಮರೆತಿರಲಾರರು. ಮರುವರ್ಷದ ಲಾಕ್‌ಡೌನು ಜೂನ್ 14ರಂದು ರಾಜ್ಯದ ಬಹುಭಾಗದಲ್ಲಿ ಸಡಿಲಗೊಂಡಾಗ, ಸಡಿಲಿಕೆ ದೊರೆಯದೆ ಉಳಿದ 11 ಜಿಲ್ಲೆಗಳಲ್ಲಿ ನಮ್ಮ ಚಿಕ್ಕಮಗಳೂರೂ ಒಂದಾಗಿತ್ತು. ಕಡೆಗೆ ದಾರಿ ತೆರೆದಾಗ ಮೂಡಿಗೆರೆ, ಕಳಸಗಳ ಕಡೆಯ ಅನೇಕರು ಮೊದಲು ಮಾಡಿದ ಕೆಲಸವೆಂದರೆ ಕೊಟ್ಟಿಗೆಯಲ್ಲಿ ಧೂಳು ಹಿಡಿದಿದ್ದ ಮೋಟಾರು ಸೈಕಲ್ಲನ್ನು ಹೊರಕ್ಕೆಳೆದದ್ದು.

ಆ ಅನೇಕರಲ್ಲಿ ನಾವೂ ಒಬ್ಬರು. ಬ್ಯಾಟರಿಯನ್ನು ಚಾರ್ಜು ಮಾಡಿಸಿ, ಚಕ್ರಗಳಿಗೆ ಗಾಳಿ ತುಂಬಿಸಿ, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕನ್ನು ಎರಡೆರಡು ಸಲ ಒತ್ತಿ ನೋಡಿ ಮೂಡಿಗೆರೆಯಿಂದ ಕಳಸಕ್ಕೆ ಹೊರಟೆವು. ಬಹುಕಾಲದ ಮಧುಮೇಹಿಗಳಾಗಿದ್ದೂ ರಕ್ತಪರೀಕ್ಷೆಯ ಸಂಚಿಯನ್ನು ಮಾತ್ರ ಬಿಚ್ಚಿ ನೋಡಲಿಲ್ಲ. ಕೊಟ್ಟಿಗೆಹಾರವನ್ನು ದಾಟಿ ಕೆಲವು ತಿರುವುಗಳನ್ನು ಕಳೆಯುವಷ್ಟರಲ್ಲಿ ಕೈ ನಡುಗಿತು, ಹಣೆ ಬೆವೆತಿತು, ಎದುರಿನ ರಸ್ತೆ ಮಬ್ಬಾಯಿತು. ಗಾಡಿಯನ್ನು ಬದಿಗೆ ನಿಲ್ಲಿಸಿ ಮೀಟರನ್ನು ತೆಗೆದರೆ ಅದು ಅಂಕಿಗೆ ಬದಲು ದೋಷದ ಗುರುತನ್ನು ತೋರಿಸಿತು. ಸೌಕರ್ಯಕ್ಕೆಂದು ಪರೀಕ್ಷಾಪಟ್ಟಿಗಳನ್ನು ಮೂಲ ಡಬ್ಬಿಯಿಂದ ತೆಗೆದು ಪುಟ್ಟ ಕರಡಿಗೆಯಲ್ಲಿ ಹಾಕಿಟ್ಟಿದ್ದೆವು. ಮಲೆನಾಡಿನ ತೇವವು ತನ್ನ ಕೆಲಸವನ್ನು ಮಾಡಿತ್ತು. ಮನೆಯಾಕೆ ಜೇಬಿಗೆ ಹಾಕಿದ್ದ ಬೆಲ್ಲದ ತುಂಡೊಂದು ಅಂದು ನಮ್ಮನ್ನು ಕಾಪಾಡಿತು.

ಕಾರಣವನ್ನು ವೈದ್ಯರು ಆಮೇಲೆ ತಿಳಿಸಿದರು. ಮನೆಯಲ್ಲಿ ಕುಳಿತ ತಿಂಗಳುಗಳಲ್ಲಿ ಸಕ್ಕರೆ ಏರಿತ್ತು. ಅದಕ್ಕೆ ತಕ್ಕಂತೆ ಔಷಧದ ಪ್ರಮಾಣವೂ ಏರಿತ್ತು. ದೇಹವು ಮತ್ತೆ ದುಡಿಮೆಗೆ ತೊಡಗಿದೊಡನೆ ಸಕ್ಕರೆ ಬೇಗ ವ್ಯಯವಾಯಿತು. ಔಷಧವು ಮಾತ್ರ ಹಳೆಯ ಲೆಕ್ಕದಲ್ಲಿಯೇ ಉಳಿದಿತ್ತು. ಬಹುದಿನ ನಿಂತ ಯಂತ್ರದಂತೆಯೇ ಬಹುದಿನ ಕುಳಿತ ಶರೀರವನ್ನೂ ಪರೀಕ್ಷಿಸಿಯೇ ಹೊರಡಿಸತಕ್ಕದ್ದು. ಹಾಗೆ ಪರೀಕ್ಷಿಸುವ ಉಪಕರಣವನ್ನು ಅದಕ್ಕಿಂತಲೂ ಮೊದಲು ಪರೀಕ್ಷಿಸತಕ್ಕದ್ದು.

ಮೂತ್ರವನ್ನು ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿ, ನೀಲಿಯು ಹಸಿರಾಯಿತೆ, ಇಟ್ಟಿಗೆಗೆಂಪಾಯಿತೆ ಎಂದು ನೋಡುತ್ತಿದ್ದ ಕಾಲವೊಂದಿತ್ತು. ಇಂದು ಒಂದು ತೊಟ್ಟು ರಕ್ತವು ಕೆಲವೇ ಕ್ಷಣಗಳಲ್ಲಿ ಉತ್ತರ ಹೇಳುತ್ತದೆ. ವಿದ್ಯೆಯು ಸೂಕ್ಷ್ಮವಾದಷ್ಟೂ ಉಪಕರಣವು ನಾಜೂಕಾಯಿತು. ಪಟ್ಟಿಯ ತುದಿಯಲ್ಲಿ ಲೇಪಿಸಿರುವ ಕಿಣ್ವವು ತೇವಕ್ಕೂ ಬಿಸಿಲಿಗೂ ಕೆಡುವಂಥದು. ಆದಕಾರಣ ಪಟ್ಟಿಯು ತನ್ನ ಡಬ್ಬಿಯಲ್ಲಿಯೇ ಇರಬೇಕು; ಒಂದನ್ನು ತೆಗೆದೊಡನೆ ಮುಚ್ಚಳ ಬಿಗಿಯಬೇಕು; ಡಬ್ಬಿ ತೆರೆದ ದಿನವನ್ನು ಅದರ ಮೇಲೆಯೇ ಬರೆದಿಡಬೇಕು. ಅವಧಿ ಮೀರಿದ ಪಟ್ಟಿಯನ್ನು ಬೆಲೆಯ ಮೋಹದಿಂದ ಉಳಿಸಿಕೊಳ್ಳುವುದು ಉಳಿತಾಯವಲ್ಲ.

ಸಾಧಾರಣ ಮೀಟರುಗಳು 10ರಿಂದ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೊಳಗೆ ಮಾತ್ರ ಸರಿಯಾಗಿ ನಡೆಯುತ್ತವೆ. 1,930 ಮೀಟರು ಎತ್ತರದ ಮುಳ್ಳಯ್ಯನಗಿರಿಯ ಎತ್ತರದಿಂದ ಅವಕ್ಕೆ ಬಾಧಕವಿಲ್ಲ. ಅಲ್ಲಿಯ ಮುಂಜಾನೆಯ ಚಳಿಯಿಂದ ಉಂಟು. ಸಂಚಿಯನ್ನು ಎಂಜಿನ್ನಿನ ಪಕ್ಕದ ಪೆಟ್ಟಿಗೆಯಲ್ಲಿಡದೆ, ಮಳೆಯಂಗಿಯ ಒಳಗೆ ಮೈಗೆ ಹತ್ತಿರವಾಗಿ ಇಟ್ಟುಕೊಳ್ಳುವುದು ಲೇಸು. ಬಳಕೆಯಲ್ಲಿರುವ ಇನ್ಸುಲಿನ್ನನ್ನು 30 ಡಿಗ್ರಿ ಮೀರದಂತೆ ಕಾಯಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ನು ಕರಗಿದ ಮೇಲೂ ಉಪಯೋಗಕ್ಕೆ ಬಾರದು. ಕಿತ್ತಳೆ ಸುಲಿದ, ಹಲಸು ಬಿಡಿಸಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಮೀಟರು ಹಣ್ಣಿನ ಸಕ್ಕರೆಯನ್ನೂ ರಕ್ತದ ಲೆಕ್ಕಕ್ಕೆ ಸೇರಿಸುತ್ತದೆ. ಬಳಸಿದ ಸೂಜಿಯನ್ನು ತೋಟದ ಬದಿಗೆ ಎಸೆಯದೆ ಗಟ್ಟಿ ಡಬ್ಬಿಯಲ್ಲಿ ಕೂಡಿಡಬೇಕು. ಅಲ್ಲಿ ಬರಿಗಾಲಿನಲ್ಲಿ ದುಡಿಯುವವರಿದ್ದಾರೆ.

ಇನ್ಸುಲಿನ್ನು ತೆಗೆದುಕೊಳ್ಳುವವರು ಹೊರಡುವ ಮುನ್ನ ಒಮ್ಮೆ, ದಾರಿಯಲ್ಲಿ ಎರಡೆರಡು ಗಂಟೆಗೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಅಂಕಿ 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಹೊರಡಬೇಕು. 70ಕ್ಕಿಂತ ಕೆಳಗಾದರೆ ಗಾಡಿಯನ್ನು ನಿಲ್ಲಿಸಿ ಸುಮಾರು ಮೂರು ಚಮಚ ಸಕ್ಕರೆ ಸೇವಿಸಿ, 15 ನಿಮಿಷದ ಮೇಲೆ ಪುನಃ ನೋಡಬೇಕು. ಅಂಕಿ ಸರಿಯಾದ ಮೇಲೂ ಮುಕ್ಕಾಲು ಗಂಟೆ ಕಾಯುವುದು ಕ್ಷೇಮ. ಮೀಟರು ಕೈಕೊಟ್ಟರೆ ಮೈಯ ಮಾತನ್ನು ನಂಬಿ ಮೊದಲು ಸಕ್ಕರೆಯನ್ನು ಸೇವಿಸಬೇಕು. ಚಾರ್ಮಾಡಿಯ ತಿರುವಿನಲ್ಲಿ ಸವಾರನ ಕಣ್ಣು ಕತ್ತಲಿಟ್ಟರೆ ಅಪಾಯವು ಅವನೊಬ್ಬನದೇ ಅಲ್ಲ, ಎದುರು ಬರುವವರದೂ ಹೌದು.

ಲಾಕ್‌ಡೌನು ಕಳೆದುಹೋಯಿತು, ಈ ಮಾತು ಈಗೇಕೆ ಎನ್ನಬಹುದು. ನಮ್ಮ ಮಲೆನಾಡಿಗೆ ಮಳೆಗಾಲವು ವರ್ಷಕ್ಕೊಮ್ಮೆ ತನ್ನದೇ ಲಾಕ್‌ಡೌನನ್ನು ತರುತ್ತದೆ. ಗಾಡಿಯೂ ನಿಲ್ಲುತ್ತದೆ, ನಡಿಗೆಯೂ ನಿಲ್ಲುತ್ತದೆ, ಪಟ್ಟಿಯೂ ಕೆಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ. ಹೀಗಿರಲು, ಮಳೆ ಬಿಟ್ಟೊಡನೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರವೂ ಒಂದು ದಿನವನ್ನು ಗೊತ್ತುಮಾಡಿ, ಜನರು ತರುವ ಮೀಟರುಗಳನ್ನು ಪ್ರಯೋಗಶಾಲೆಯ ಫಲಿತಾಂಶದೊಡನೆ ತಾಳೆ ನೋಡಿ ಕೊಡುವಂತೆ ಜಿಲ್ಲೆಯ ಅಧಿಕಾರಿಗಳು ಏರ್ಪಡಿಸಲೆಂದು ನಾವು ವಿನಂತಿಸುತ್ತೇವೆ. ಇದಕ್ಕೆ ತಗಲುವ ವೆಚ್ಚವು ಅಲ್ಪ. ವಾಚಕರಾದರೋ ಆ ದಿನಕ್ಕಾಗಿ ಕಾಯದೆ, ನಾಳೆ ಗಾಡಿಯ ಬೀಗದ ಕೈ ತೆಗೆದುಕೊಳ್ಳುವ ಮೊದಲು ಸಂಚಿಯನ್ನೊಮ್ಮೆ ಬಿಚ್ಚಿ ನೋಡಲಿ.