ಅಜ್ಜನ ಅಂಬಾಸಿಡರ್‌ಗೆ ಹೊಸ ರೇಡಿಯೊ

ಸಂಸೆಯ ಮಳೆ ಅಂದರೆ ಗೊತ್ತಲ್ಲ, ಮಕ್ಕಳೇ? ಆಷಾಢದಲ್ಲಿ ಗಾಳಿ ಬೀಸಿ ಮರ ಬಿದ್ದರೆ ಕರೆಂಟಿಲ್ಲ, ಫೋನಿಲ್ಲ. ಅಂಥ ಸಂಜೆ ನಮ್ಮಜ್ಜ ಶೆಡ್ಡಿನಲ್ಲಿದ್ದ ಹಳೆಯ ಅಂಬಾಸಿಡರ್ ಕಾರಿನಲ್ಲಿ ಕೂತು ರೇಡಿಯೊ ವಾರ್ತೆ ಕೇಳುತ್ತಿದ್ದರು. ಯಾವ ಹೊಳೆ ತುಂಬಿದೆ, ಯಾವ ದಾರಿ ಕಡಿದಿದೆ, ಶಾಲೆಗೆ ರಜೆಯೋ ಹೇಗೆ, ಎಲ್ಲವೂ ಮನೆಗೆ ತಿಳಿಯುತ್ತಿದ್ದುದು ಅಲ್ಲಿಂದಲೇ. ಒಂದು ಮಳೆಗಾಲ ಆ ರೇಡಿಯೊ ಮೂಕವಾಯಿತು.

ಅಣ್ಣ ಪೇಟೆಯಿಂದ ಬಣ್ಣದ ದೀಪಗಳ ಹೊಸ ಸೆಟ್ ತಂದ. ಹಾಕಿ ನೋಡಿದರೆ ಬರೀ ಗೊರಗೊರ! ಅದರಲ್ಲಿ ಎಫ್.ಎಂ. ಮಾತ್ರ ಇತ್ತು. ಎಫ್.ಎಂ. ಅಲೆ ಟಾರ್ಚಿನ ಬೆಳಕಿನಂತೆ ಹೆಚ್ಚುಕಡಿಮೆ ನೇರ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಸೋಲುತ್ತದೆ. ಮೀಡಿಯಂ ವೇವ್ ಅಲೆಯಾದರೋ ನೆಲ ಹಿಡಿದು, ಗುಡ್ಡ ಬಳಸಿ ಬರುತ್ತದೆ.

ಮತ್ತೆ ಹುಡುಕಿದಾಗ ಅಮೆರಿಕದಿಂದ ಬಂದ ಸೆಟ್ಟೊಂದು ಸಿಕ್ಕಿತು. ಅದರಲ್ಲಿ ಮೀಡಿಯಂ ವೇವ್ ಇತ್ತು. ಆದರೆ ಅಜ್ಜನ ಭದ್ರಾವತಿ ಮಾತ್ರ ಸಿಗಲಿಲ್ಲ! ಯಾಕೆ ಗೊತ್ತೆ? ಭದ್ರಾವತಿ ಆಕಾಶವಾಣಿಯ ಮನೆ ನಂಬರು 675 ಕಿಲೋಹರ್ಟ್ಸ್. ಅಮೆರಿಕದ ಸೆಟ್ 10ರ ಹೆಜ್ಜೆ ಹಾಕುತ್ತದೆ: 670, 680. ನಮ್ಮ ದೇಶದಲ್ಲಿ 9ರ ಹೆಜ್ಜೆ. 675ನ್ನು 9ರಿಂದ ಭಾಗಿಸಿ ನೋಡಿ, ಶೇಷ ಉಳಿಯದು. ಮಂಗಳೂರಿನ 1089 ಕೂಡ ಹಾಗೆಯೇ. ಕಡೆಗೆ 9ರ ಹೆಜ್ಜೆಯ ಸೆಟ್ಟನ್ನೇ ಕೇಳಿ ತಂದೆವು.

ಇನ್ನು ಜಾಗದ ಮಾತು. ಈಗಿನ ಸಾಮಾನ್ಯ ಸೆಟ್ಟಿನ ಮುಖ ಸುಮಾರು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಹಳೆಯ ಎರಡು ಗುಂಡಿಯ ರೇಡಿಯೊದ ಕಿಂಡಿ ಅದಕ್ಕೆ ಸಾಲದು. "ಡ್ಯಾಶ್‌ಬೋರ್ಡ್ ಕೊಯ್ಯಲು ಬಿಡೆ" ಎಂದರು ಅಜ್ಜ. ಹಳೆಯದನ್ನು ಅಲ್ಲೇ ಬಿಟ್ಟು ಹೊಸದನ್ನು ಕೆಳಗೆ ಕಬ್ಬಿಣದ ಪಟ್ಟಿಯಲ್ಲಿ ತೂಗುಹಾಕಿದೆವು.

ತಂತಿ ಜೋಡಿಸುವ ಮೊದಲು ಮೆಕ್ಯಾನಿಕ್ ಬ್ಯಾಟರಿ ನೋಡಿದರು. ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನೇ ಕಾರಿನ ಮೈಗೆ ಸೇರಿಸಿರುತ್ತಾರೆ. ಅಲ್ಲಿ ಹೊಸ ರೇಡಿಯೊ ಜೋಡಿಸಿದರೆ ಸುಟ್ಟೇಹೋದೀತು. ನಮ್ಮದು ಮೈನಸ್, ಬಚಾವ್! ಹಳದಿ ತಂತಿ ಫ್ಯೂಸ್ ಮೂಲಕ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಕಾರಿನ ಮೈಗೆ.

ಸಂಜೆ ಅಜ್ಜ ಗುಂಡಿ ತಿರುಗಿಸಿದರು. ಮಳೆಯ ಸದ್ದಿನ ನಡುವೆ ಭದ್ರಾವತಿ ಮಾತಾಡಿತು. ನಾವೆಲ್ಲ ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು ಕೇಳಿದೆವು. ಮರುದಿನ ಶಾಲೆಗೆ ರಜೆ ಇರಲಿಲ್ಲ ಎಂಬುದೊಂದೇ ಬೇಸರ!